ಶಿರಸಿಯ ಮನೆಯೊಳಗೆ ಒಬ್ಬ ಸಲಿಂಗಿ ಮಗ: ಕಥೆ ಬರೆಯುವವರಿಗೆ ಒಂದು ಕೈಪಿಡಿ

ಸಲಿಂಗಿಯಾದ ಮಗ, ದೈವಭಕ್ತಿಯ ಮನೆ, ಬಿಡಲಾಗದ ರಕ್ತಸಂಬಂಧ: ಈ ವಸ್ತುವನ್ನು ಎತ್ತಿಕೊಂಡ ಕಥೆಗಳ ಮೊದಲ ಕರಡುಗಳು ಹೆಚ್ಚಾಗಿ ಒಂದೇ ಜಾಡಿನಲ್ಲಿ ಸಾಗುತ್ತವೆ. ಮಗ ಬೆಂಗಳೂರಿನಿಂದ ಬರುತ್ತಾನೆ, ರಾತ್ರಿ ಊಟವಾದ ಮೇಲೆ ನಿಜವನ್ನು ಹೇಳುತ್ತಾನೆ, ತಂದೆ ಧರ್ಮದ ಹೆಸರೆತ್ತಿ ಕೂಗಾಡುತ್ತಾನೆ, ತಾಯಿ ದೇವರ ಕೋಣೆಯಲ್ಲಿ ಅಳುತ್ತಾಳೆ, ಮಗ ಮರುದಿನವೇ ಬಸ್ಸು ಹತ್ತುತ್ತಾನೆ. ಇಂಥದ್ದು ನಡೆಯುವುದಿಲ್ಲ ಎಂದಲ್ಲ, ನಡೆಯುತ್ತದೆ. ಆದರೆ ಕಥೆಯಾಗಿ ಇದು ಸೋಲುವುದಕ್ಕೆ ಕಾರಣವೆಂದರೆ, ಇಲ್ಲಿ ನಂಬಿಕೆಗೆ ಅಡ್ಡಗಟ್ಟುವುದನ್ನು ಬಿಟ್ಟು ಬೇರೆ ಕೆಲಸವಿಲ್ಲ, ಮನೆಯವರಿಗೆ ತೀರ್ಪು ಕೊಡುವುದನ್ನು ಬಿಟ್ಟು ಬೇರೆ ಕೆಲಸವಿಲ್ಲ, ಮಗನಿಗಂತೂ ಸಲಿಂಗಿಯಾಗಿರುವುದನ್ನು ಬಿಟ್ಟು ಬೇರೆ ಬದುಕೇ ಇಲ್ಲ. ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಅಥವಾ ಕೆಳಗಿನ ಕಾರವಾರ, ಕುಮಟಾ, ಭಟ್ಕಳಗಳಲ್ಲಿ ಕಥೆಯನ್ನು ನೆಲೆಗೊಳಿಸುವವರಿಗೆ ಈ ಜಾಡಿನಿಂದ ಹೊರಬರಲು ಬೇಕಾದ ಸಾಮಗ್ರಿ ಊರಿನಲ್ಲಿಯೇ ಧಾರಾಳವಾಗಿ ಸಿಗುತ್ತದೆ. ಘರ್ಷಣೆಯನ್ನು ಮಾತಿನಲ್ಲಿ ಇಡದೆ, ದಿನ ನಿಗದಿಯಾದ, ದೇಹ ಹಾಜರಿರಲೇಬೇಕಾದ ಕೆಲಸಗಳಲ್ಲಿ ಇಡುವುದು ನಾನು ಸೂಚಿಸುವ ಮುಖ್ಯ ಉಪಾಯ.

ಮೊದಲು ವರ್ಷ ಗೊತ್ತಾಗಲಿ

ಕಥೆ ಯಾವ ವರ್ಷದಲ್ಲಿ ನಡೆಯುತ್ತದೆ ಎಂಬುದನ್ನು ಮೊದಲ ವಾಕ್ಯಕ್ಕಿಂತ ಮುಂಚೆ ತೀರ್ಮಾನಿಸಿಕೊಳ್ಳಿ, ಏಕೆಂದರೆ ಪಾತ್ರದ ಭಯದ ಸ್ವರೂಪ ಅದರಿಂದ ಬದಲಾಗುತ್ತದೆ. 1860ರ ಭಾರತೀಯ ದಂಡ ಸಂಹಿತೆಯ 377ನೇ ಕಲಮು ವಯಸ್ಕರ ಸಮ್ಮತಿಯ ಖಾಸಗಿ ಸಂಬಂಧಕ್ಕೆ ಅನ್ವಯಿಸದು ಎಂದು ದೆಹಲಿ ಹೈಕೋರ್ಟು 2009ರ ಜುಲೈ 2ರಂದು ಹೇಳಿತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು. 2018ರ ಸೆಪ್ಟೆಂಬರ್ 6ರಂದು ಅದೇ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವು ಇಂಥ ಸಂಬಂಧ ಅಪರಾಧವಲ್ಲ ಎಂದು ಒಮ್ಮತದಿಂದ ಸಾರಿತು. 2023ರ ಅಕ್ಟೋಬರ್ 17ರ ತೀರ್ಪು ಸಲಿಂಗಿಗಳ ಮದುವೆಗೆ ಮಾನ್ಯತೆ ಕೊಡಲು ಒಪ್ಪಲಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಹಳೆಯ ಕಲಮೇ ಇಲ್ಲ.

ಈ ದಿನಾಂಕಗಳನ್ನು ಕಥೆಯೊಳಗೆ ಸುರಿಯಬೇಕಾಗಿಲ್ಲ. ಅವು ಪಾತ್ರದ ಬೆನ್ನಹಿಂದೆ ಇದ್ದರೆ ಸಾಕು. 2010ರಲ್ಲಿ ಧೈರ್ಯ ತಂದುಕೊಂಡು ಗೆಳೆಯನೊಬ್ಬನಿಗೆ ಎಲ್ಲವನ್ನೂ ಹೇಳಿಕೊಂಡವನು 2014ರಲ್ಲಿ ಆ ಗೆಳೆಯನ ಮುಖವನ್ನು ನೋಡುವ ರೀತಿಯೇ ಬೇರೆ. 2018ರ ತೀರ್ಪಿನ ಮರುದಿನ ಅಪ್ಪಯ್ಯ ಜಗಲಿಯಲ್ಲಿ ಕುಳಿತು ಪತ್ರಿಕೆಯ ಮುಖಪುಟವನ್ನು ಓದಿ, ಏನೂ ಹೇಳದೆ ಅಡಿಕೆ ಧಾರಣೆಯ ಪುಟಕ್ಕೆ ಹೋಗುವುದನ್ನು ಮಗ ಒಳಗಿನಿಂದ ನೋಡುತ್ತಿದ್ದರೆ ಅದೊಂದು ಪೂರ್ಣ ದೃಶ್ಯ. 2020ರ ಲಾಕ್‌ಡೌನಿನಲ್ಲಿ ಊರಿಗೆ ಮರಳಿ, ಸಿಗ್ನಲ್ ಸಿಗುವ ದಿಬ್ಬದ ಮೇಲೆ ಕುಳಿತು ಕಚೇರಿಯ ಕೆಲಸ ಮಾಡಿದವರನ್ನು ಈ ಸೀಮೆ ಚೆನ್ನಾಗಿ ಬಲ್ಲದು; ಸಂಗಾತಿಯೊಡನೆ ಮಾತಾಡಲು ಇರುವ ಜಾಗವೂ ಆ ಬಯಲಿನ ದಿಬ್ಬವೇ ಆದಾಗ, ತಿಂಗಳುಗಟ್ಟಲೆ ಪಿಸುಮಾತಿನಲ್ಲಿಯೇ ನಡೆಯಬೇಕಾದ ಪ್ರೇಮದ ಬಗ್ಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ವೈದ್ಯರ ಪಾತ್ರವಿದ್ದರೆ ಇನ್ನಷ್ಟು ಎಚ್ಚರ ಬೇಕು. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿಯೇ ಸಲಿಂಗಕಾಮವನ್ನು ರೋಗಗಳ ಪಟ್ಟಿಯಿಂದ ತೆಗೆಯಿತು. ಇದು ರೋಗವಲ್ಲ ಎಂದು ಭಾರತೀಯ ಮನೋವೈದ್ಯರ ಸಂಘ 2018ರಲ್ಲಿ ಹೇಳಿತು. ಬದಲಾಯಿಸುತ್ತೇವೆಂದು ಚಿಕಿತ್ಸೆ ಕೊಡುವುದು ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಸ್ಪಷ್ಟಪಡಿಸಿತು. ಇಂದಿನ ಕಥೆಯಲ್ಲಿ ಡಾಕ್ಟರು ಗುಳಿಗೆ ಬರೆದುಕೊಟ್ಟು ಸರಿಯಾಗುತ್ತದೆ ಎಂದರೆ, ಅದು ತಪ್ಪು ಎಂಬುದು ಪಾತ್ರಕ್ಕೆ ತಿಳಿಯದಿದ್ದರೂ ಬರೆದವರಿಗೆ ತಿಳಿದಿದೆ ಎನ್ನುವುದು ಓದುವವರಿಗೆ ಗೊತ್ತಾಗಬೇಕು.

ನಂಬಿಕೆ ಅವನದೇ ಆಗಿರಲಿ

ದೇವರನ್ನು ತಂದೆತಾಯಿಗಳ ಪಾಲಿಗೆ ಬಿಟ್ಟುಕೊಟ್ಟು, ಮಗನನ್ನು ನಾಸ್ತಿಕನನ್ನಾಗಿಯೋ ಉದಾಸೀನನನ್ನಾಗಿಯೋ ಮಾಡುವುದು ಬರಹಗಾರರಿಗೆ ತುಂಬ ಸುಲಭದ ದಾರಿ. ಹಾಗೆ ಮಾಡಿದ ಕೂಡಲೇ ನಿಮ್ಮ ವಸ್ತುವಿನ ಮೂರರಲ್ಲಿ ಒಂದು ಪಾಲು ಕಳೆದುಹೋಗುತ್ತದೆ. ನಿಮ್ಮ ನಾಯಕ ಸ್ವತಃ ಭಕ್ತನಾಗಿದ್ದರೆ ಏನಾಗುತ್ತದೆ ಎಂದು ಕೇಳಿಕೊಳ್ಳಿ. ಅವನು ಸಂಧ್ಯಾವಂದನೆಯನ್ನು ಯಾರ ಒತ್ತಾಯವೂ ಇಲ್ಲದೆ ಮಾಡುವವನೇ? ಬೆಂಗಳೂರಿನ ಬಾಡಿಗೆ ಮನೆಯಲ್ಲಿ, ಪಕ್ಕದ ಕೋಣೆಯಲ್ಲಿ ಸಂಗಾತಿ ಇನ್ನೂ ಮಲಗಿರುವಾಗ, ಅವನು ಬೆಳಿಗ್ಗೆ ಗಾಯತ್ರಿ ಜಪಕ್ಕೆ ಕುಳಿತುಕೊಳ್ಳುತ್ತಾನೆಯೇ? ಕುಳಿತರೆ ಅವನಿಗೆ ಅಲ್ಲಿ ಸಮಾಧಾನ ಸಿಗುತ್ತದೆಯೋ, ಲೆಕ್ಕ ಒಪ್ಪಿಸಿದ ಹಾಗೆ ಅನ್ನಿಸುತ್ತದೆಯೋ? ಈ ಪ್ರಶ್ನೆಗಳಿಗೆ ಉತ್ತರ ಸಿಕ್ಕಾಗ ಪಾತ್ರ ನಿಲ್ಲುತ್ತದೆ.

ಈ ಸೀಮೆಯ ಬ್ರಾಹ್ಮಣ ಸಮುದಾಯವಾದ ಹವ್ಯಕರ ಮನೆಯ ಕಥೆಯಾದರೆ ಶ್ರಾದ್ಧಕ್ಕಿಂತ ಬಲವಾದ ದೃಶ್ಯ ಇನ್ನೊಂದು ಸಿಗುವುದು ಕಷ್ಟ. ತಂದೆ ತೀರಿಕೊಂಡ ಮೇಲೆ ಹಿರಿಮಗನು ವರ್ಷಕ್ಕೊಮ್ಮೆ ಊರಿಗೆ ಬಂದು, ಬೆರಳಿಗೆ ದರ್ಭೆಯ ಪವಿತ್ರ ಹಾಕಿಕೊಂಡು, ತಂದೆ, ಅಜ್ಜ, ಮುತ್ತಜ್ಜ ಎಂದು ಮೂರು ತಲೆಮಾರಿನ ಹೆಸರು ಹೇಳಿ ಪಿಂಡ ಇಡಬೇಕು. ಅದನ್ನು ಮಾಡಲು ಅವನಿಗೆ ಹೆಂಡತಿ ಇರಲೇಬೇಕೆಂದಿಲ್ಲ, ಅವನ ಬದುಕಿನ ಬಗ್ಗೆ ಪುರೋಹಿತರು ಏನನ್ನೂ ಕೇಳುವುದಿಲ್ಲ. ಆದರೆ ಹೆಸರುಗಳ ಆ ಸಾಲು ಅವನ ಬಳಿಗೆ ಬಂದು ನಿಂತುಬಿಡುತ್ತದೆ ಎಂಬುದು ಅಲ್ಲಿ ಕುಳಿತಿರುವ ಎಲ್ಲರಿಗೂ ಗೊತ್ತಿರುತ್ತದೆ. ಆಯಿಯ, ಅಂದರೆ ತಾಯಿಯ, ದುಃಖವನ್ನು ಸಮಾಜದ ಅಂಜಿಕೆ ಎಂದಷ್ಟೇ ಬರೆದರೆ ಅದು ಅರ್ಧಸತ್ಯ. ಈ ಮಗನ ನಂತರ ತನ್ನ ಗಂಡನಿಗೆ ಎಳ್ಳುನೀರು ಬಿಡುವವರು ಯಾರು ಎಂಬ ಅವಳ ಚಿಂತೆ ಅವಳ ಪಾಲಿಗೆ ಮನೆ ಸೋರುವಷ್ಟೇ ನಿಜವಾದ ಚಿಂತೆ. ಬರೆಯುವವರು ಅದನ್ನು ನಂಬದಿದ್ದರೂ ಗೌರವಿಸಬೇಕಾಗುತ್ತದೆ. ಇನ್ನೊಂದು ಸಲಹೆ: ಈ ದೃಶ್ಯದಲ್ಲಿ ಮಗನ ಕೈ ನಡುಗಿಸಬೇಡಿ, ಮಂತ್ರ ತೊದಲಿಸಬೇಡಿ. ಅವನು ಎಲ್ಲವನ್ನೂ ತಪ್ಪಿಲ್ಲದೆ, ತಂದೆಗಿಂತ ಚೆನ್ನಾಗಿ ಮಾಡಲಿ. ಕಣ್ಣೀರು ಓದುವವರ ಕಡೆಗೆ ಬಿಟ್ಟದ್ದು.

ಶ್ರಾದ್ಧ ಅವನನ್ನು ಒಳಗೆ ಕರೆದುಕೊಳ್ಳುವ ಕರ್ಮವಾದರೆ, ತಂಗಿಯ ಮದುವೆಯ ಧಾರೆ ಅವನನ್ನು ಹೊರಗೆ ನಿಲ್ಲಿಸುವ ಕರ್ಮ. ಕನ್ಯಾದಾನಕ್ಕೆ ಸಾಮಾನ್ಯವಾಗಿ ದಂಪತಿಗಳೇ ಕೂರುತ್ತಾರೆ. ತಂದೆಯಿಲ್ಲದ ಮನೆಯಲ್ಲಿ, ತೋಟದ ಸಾಲ ತೀರಿಸಿ ಮದುವೆಯ ಖರ್ಚನ್ನೆಲ್ಲ ಹೊತ್ತ ಅಣ್ಣ ಬದಿಗೆ ನಿಂತು, ಚಿಕ್ಕಪ್ಪ ಮತ್ತು ಚಿಕ್ಕಮ್ಮ ಮಣೆಯ ಮೇಲೆ ಕೂತು ಧಾರೆ ಎರೆಯುವಾಗ, ಒಂದು ಕಟುಮಾತೂ ಇಲ್ಲದೆ ಅವನ ಸ್ಥಾನ ಎಲ್ಲಿ ಎಂಬುದು ನಿರ್ಧಾರವಾಗಿಬಿಡುತ್ತದೆ. ಯಾರೂ ಅವನನ್ನು ಅವಮಾನಿಸಿಲ್ಲ. ಚಿಕ್ಕಪ್ಪ ಒಳ್ಳೆಯ ಮನುಷ್ಯನೇ ಆಗಿರಲಿ, ಹಿಂದಿನ ರಾತ್ರಿ ಜಗಲಿಯಲ್ಲಿ ಇಸ್ಪೀಟು ಆಡುತ್ತ ಇದೇ ಅಣ್ಣನಿಗೆ ತಮಾಷೆ ಮಾಡಿದವನೇ ಆಗಿರಲಿ. ಒಳ್ಳೆಯವರ ನಡುವೆ ನಡೆಯುವ ನೋವು ಕೆಟ್ಟವರಿಂದ ಬರುವ ನೋವಿಗಿಂತ ಬರೆಯಲು ಯೋಗ್ಯವಾದದ್ದು.

ಶಾಸ್ತ್ರದ ಮಾತು ಬಂದರೆ ಅದನ್ನು ಓದಿಕೊಂಡೇ ಬರೆಯಿರಿ. ಮನುಸ್ಮೃತಿಯ 11ನೇ ಅಧ್ಯಾಯ ಪುರುಷನೊಡನೆ ಸೇರಿದ ದ್ವಿಜನಿಗೆ ಉಟ್ಟ ಬಟ್ಟೆಯಲ್ಲಿಯೇ ಸ್ನಾನ ಮಾಡುವ ಪ್ರಾಯಶ್ಚಿತ್ತವನ್ನು ಹೇಳುತ್ತದೆ. ಓದಿಕೊಂಡ ದೊಡ್ಡಪ್ಪನೊಬ್ಬ ಈ ಶ್ಲೋಕವನ್ನು ಬಲ್ಲವನಾಗಿದ್ದು, ಶಾಸ್ತ್ರಕ್ಕೆ ಒಂದು ಸ್ನಾನ ಸಾಕಾಗಿದ್ದು ತನ್ನ ಮನೆಗೆ ಏಕೆ ಸಾಕಾಗುವುದಿಲ್ಲ ಎಂದು ಒಳಗೊಳಗೇ ತೊಳಲಾಡಿದರೆ, ಧರ್ಮದ ಹೆಸರಿನಲ್ಲಿ ಗುಡುಗುವ ತಂದೆಗಿಂತ ಹತ್ತು ಪಟ್ಟು ಆಸಕ್ತಿಯ ಪಾತ್ರವಾಗುತ್ತಾನೆ. ಇದಕ್ಕೆ ಪ್ರತಿಯಾಗಿ ಮಗನ ಬಾಯಲ್ಲಿ ಮೋಹಿನಿ, ಶಿಖಂಡಿ, ಅರ್ಧನಾರೀಶ್ವರರ ಪಟ್ಟಿಯನ್ನು ಇಡಬೇಡಿ. ವಾದದಲ್ಲಿ ಅದು ಗೆಲ್ಲಬಹುದು, ಕಥೆಯಲ್ಲಿ ಅದು ಭಾಷಣ. ವೇಷವಿಲ್ಲದೆ ಕುಳಿತು ಪುರಾಣದ ಪಾತ್ರಗಳಾಗಿ ವಾದಿಸುವ ತಾಳಮದ್ದಳೆಯನ್ನು ಕೇಳಿ ಬೆಳೆದ ಊರಿನವರ ಮುಂದೆ ಪುರಾಣದ ಅರ್ಥ ಹೇಳಹೊರಟರೆ ಅವರು ನಿಮಗಿಂತ ಚೆನ್ನಾಗಿ ಪ್ರತಿವಾದ ಹೂಡುತ್ತಾರೆ.

‘ಹೆಣ್ಣು ಸಿಕ್ಕಲಿಲ್ಲ’

ಈ ಸೀಮೆಯ ಬರಹಗಾರರಿಗೆ ಬೇರೆ ಕಡೆಯವರಿಗೆ ಸಿಗದ ಒಂದು ಸನ್ನಿವೇಶ ಕೈಯಲ್ಲಿಯೇ ಇದೆ, ಮತ್ತು ಅದನ್ನು ಸಾಕಷ್ಟು ಬಳಸಿಕೊಂಡಿಲ್ಲ ಎಂಬುದು ನನ್ನ ಅಭಿಪ್ರಾಯ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಹಳ್ಳಿಗಳಲ್ಲಿ ತೋಟ ನೋಡಿಕೊಂಡಿರುವ ಹುಡುಗರಿಗೆ ಮದುವೆಗೆ ಹೆಣ್ಣು ಸಿಗುವುದು ವರ್ಷಗಳಿಂದ ಕಷ್ಟವಾಗಿದೆ. ನಲವತ್ತು ದಾಟಿದ ಅವಿವಾಹಿತರು ಊರೂರಲ್ಲಿದ್ದಾರೆ, ದೂರದ ಊರುಗಳಿಂದ ಸೊಸೆಯನ್ನು ತಂದ ಮನೆಗಳೂ ಇವೆ. ಹೀಗಾಗಿ ಮದುವೆಯಾಗದ ಗಂಡಸನ್ನು ಇಲ್ಲಿ ಯಾರೂ ಅನುಮಾನದಿಂದ ನೋಡುವುದಿಲ್ಲ, ಕನಿಕರದಿಂದ ನೋಡುತ್ತಾರೆ. ನಿಮ್ಮ ಸಲಿಂಗಿ ನಾಯಕ ಊರಿನಲ್ಲಿಯೇ ಉಳಿದು ತೋಟ ಮಾಡುವವನಾದರೆ, ಅವನು ಒಂದು ಸುಳ್ಳನ್ನೂ ಹೇಳದೆ ಈ ಕನಿಕರದ ಮರೆಯಲ್ಲಿ ಇಡೀ ಬದುಕನ್ನು ಕಳೆದುಬಿಡಬಹುದು. ಆಯಿಗೆ ಒಳಗಿನಿಂದ ಏನೋ ಗೊತ್ತಿದ್ದರೂ ‘ಹೆಣ್ಣು ಸಿಕ್ಕಲಿಲ್ಲ’ ಎಂಬ ಮಾತು ಅವಳಿಗೂ ಆಸರೆಯಾಗಿರುತ್ತದೆ.

ಅಂಥ ಕಥೆಯಲ್ಲಿ ಆಪತ್ತು ಬರುವುದು ಗುಟ್ಟು ಬಯಲಾದಾಗ ಅಲ್ಲ, ಹೆಣ್ಣು ಸಿಕ್ಕಾಗ. ಮದುವೆ ದಲ್ಲಾಳಿಯೊಬ್ಬ ನಿಜವಾಗಿಯೂ ಒಂದು ಸಂಬಂಧ ತರುತ್ತಾನೆ, ಹುಡುಗಿ ಹಳ್ಳಿಗೆ ಬರಲು ಒಪ್ಪಿದ್ದಾಳೆ, ಜಾತಕ ಕೂಡಿದೆ, ಊರಿನವರೆಲ್ಲ ಇವನ ಅದೃಷ್ಟಕ್ಕೆ ಸಂತೋಷಪಡುತ್ತಿದ್ದಾರೆ. ಬೇಡ ಎನ್ನಲು ಅವನ ಬಳಿ ಒಂದು ಕಾರಣವೂ ಉಳಿದಿಲ್ಲ. ಈ ಒಂದು ತಿರುವಿನಿಂದ ಮನೆಯ ಪ್ರೀತಿ, ಊರಿನ ಒಳ್ಳೆಯತನ, ದೇವರ ಪ್ರಸಾದ ಎಲ್ಲವೂ ಅವನ ಮೇಲೆ ಒಟ್ಟಿಗೆ ಬಂದು ಬೀಳುತ್ತವೆ, ಖಳನಾಯಕನೇ ಬೇಕಾಗುವುದಿಲ್ಲ. ಇಲ್ಲಿ ಒಂದು ಹೊಣೆಯನ್ನು ಮರೆಯಬಾರದು. ಆ ಹುಡುಗಿಗೂ ಹೆಸರು, ಮನಸ್ಸು, ಸ್ವಂತ ಲೆಕ್ಕಾಚಾರಗಳಿರಬೇಕು. ದೂರದ ಬಡ ಮನೆಯಿಂದ ಬಂದು, ತನ್ನ ಭಾಷೆಯನ್ನಾಡುವವರಿಲ್ಲದ ಮನೆಯಲ್ಲಿ, ತನ್ನನ್ನು ಮುಟ್ಟದ ಗಂಡನೊಡನೆ ಬದುಕಬೇಕಾಗಬಹುದಾದವಳು ಅವಳು. ಸಲಿಂಗಿಯ ಸಂಕಟವನ್ನು ಮೆರೆಸುವ ಭರದಲ್ಲಿ ಅವಳನ್ನು ಬರಿಯ ಅಡ್ಡಿಯಾಗಿ ಬಳಸಿಕೊಂಡ ಕಥೆ ನ್ಯಾಯವಾದ ಕಥೆಯಾಗದು. ಸಾಧ್ಯವಾದರೆ ಅವರಿಬ್ಬರಿಗೆ ಮಾತ್ರ ಒಂದು ದೃಶ್ಯ ಕೊಡಿ: ಹೆಣ್ಣು ನೋಡುವ ಶಾಸ್ತ್ರದ ನಡುವೆ ಅಂಗಳದ ಕೊನೆಗೆ ನಿಂತು ಹತ್ತು ನಿಮಿಷ ಮಾತಾಡಲು ಬಿಟ್ಟಾಗ, ಮೊದಲು ಸತ್ಯ ಹೇಳುವವರು ಅವನೇ ಆಗಿರಬೇಕೆಂದಿಲ್ಲ.

ಇದಕ್ಕೆ ಅಂಟಿಕೊಂಡದ್ದು ಆಸ್ತಿ. ಮದುವೆಗೆ ಕಾನೂನಿನ ಮಾನ್ಯತೆ ಇಲ್ಲವಾದ್ದರಿಂದ ಸಂಗಾತಿಗೆ ವಾರಸು ಹಕ್ಕಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ತನ್ನ ಪಾಲನ್ನು ಅವನು ಮರಣಪತ್ರದ ಮೂಲಕ ಬರೆದುಕೊಡಬಹುದು. ಅಂದರೆ ಪಹಣಿಯಲ್ಲಿ ಯಾರ ಹೆಸರು ಬರಬೇಕು ಎಂಬ ಚರ್ಚೆ ಬಂದಾಗ, ತಮ್ಮ ಮತ್ತು ಅತ್ತಿಗೆ-ನಾದಿನಿಯರ ಪ್ರೀತಿ ಎಷ್ಟು ಆಳಕ್ಕಿದೆ ಎಂದು ಪರೀಕ್ಷೆಯಾಗುತ್ತದೆ. ಅಣ್ಣ ಹೇಗಾದರೂ ಇರಲಿ ಎಂದು ಉದಾರವಾಗಿ ಹೇಳಿದ ತಮ್ಮನೇ, ತೋಟ ಹೊರಗಿನವನಿಗೆ ಹೋಗಬಹುದು ಎಂದು ತಿಳಿದಾಗ ಧರ್ಮದ ಮಾತೆತ್ತಿದರೆ ಆಶ್ಚರ್ಯವಿಲ್ಲ. ನಂಬಿಕೆಯ ಹೆಸರಿನಲ್ಲಿ ಆಡುವ ಮಾತಿನ ಕೆಳಗೆ ನೆಲ ಎಷ್ಟಿದೆ ಎಂದು ಅಳೆದು ನೋಡುವುದು ಬರಹಗಾರರ ಕೆಲಸ.

ಕಾಲವನ್ನು ಅಳೆಯಲು ಶಿರಸಿಯವರಿಗೆ ಮಾರಿಕಾಂಬೆಯ ಜಾತ್ರೆಯಿದೆ. ಎರಡು ವರ್ಷಕ್ಕೊಮ್ಮೆ ನಡೆಯುವ ಈ ಜಾತ್ರೆಯಲ್ಲಿ ದೇವಿಯ ಕಲ್ಯಾಣವಾಗಿ, ರಥವೇರಿ, ಬಿಡ್ಕಿಬೈಲಿನ ಗದ್ದುಗೆಯಲ್ಲಿ ಕುಳಿತುಕೊಳ್ಳುವ ಅಮ್ಮನನ್ನು ನೋಡಲು ಊರು ಬಿಟ್ಟವರೆಲ್ಲ ಮರಳುತ್ತಾರೆ, ಮನೆಗಳು ನೆಂಟರಿಂದ ತುಂಬುತ್ತವೆ. ‘ಹೋದ ಜಾತ್ರೆಗೆ ಬಂದಾಗ ಜೊತೆಗೊಬ್ಬ ಸ್ನೇಹಿತನಿದ್ದನಲ್ಲ’ ಎಂಬ ಒಂದೇ ಮಾತಿನಿಂದ ಎರಡು ವರ್ಷಗಳ ಅಂತರವನ್ನು, ಆ ಸ್ನೇಹಿತ ಈ ಸಲ ಏಕೆ ಬಂದಿಲ್ಲ ಎಂಬ ಪ್ರಶ್ನೆಯನ್ನು ಒಟ್ಟಿಗೆ ತರಬಹುದು. ಮೂರು ಜಾತ್ರೆಗಳ ಮೇಲೆ ಕಟ್ಟಿದ ನೀಳ್ಗತೆಗೆ ಬೇರೆ ಹಂದರವೇ ಬೇಕಾಗಲಿಕ್ಕಿಲ್ಲ.

ಘಟ್ಟ ಇಳಿದರೆ

ಕರಾವಳಿಯಲ್ಲಿ ಕಥೆಯ ಲೆಕ್ಕವೇ ಬದಲಾಗುತ್ತದೆ. ಕಾರವಾರದ ಕೊಂಕಣಿ ಮಾತಾಡುವ ಕ್ರೈಸ್ತ ಮನೆಯೊಂದನ್ನು ತೆಗೆದುಕೊಂಡರೆ, ಅಲ್ಲಿ ಹಿಂದೂ ಮನೆಗಳಲ್ಲಿ ಇಲ್ಲದ ಒಂದು ಸೌಕರ್ಯವಿದೆ, ಪಾಪನಿವೇದನೆ. ಮಗ ತಾಯಿಗೆ ಹೇಳದ್ದನ್ನು ಪಾದ್ರಿಗೆ ಹೇಳಿರುತ್ತಾನೆ, ಪಾದ್ರಿ ಅದನ್ನು ಯಾರಿಗೂ ಹೇಳುವಂತಿಲ್ಲ, ಅದೇ ಪಾದ್ರಿ ಹಬ್ಬದ ದಿನ ಅವರ ಮನೆಗೆ ಊಟಕ್ಕೆ ಬಂದು, ಮಗನಿಗೆ ಯಾವಾಗ ಮದುವೆ ಎಂದು ತಾಯಿ ಕೇಳಿದಾಗ ಮೀನಿನ ಸಾರನ್ನು ಹೊಗಳಬೇಕಾಗುತ್ತದೆ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಸಲಿಂಗ ಸಂಬಂಧವನ್ನು ಒಪ್ಪುವುದಿಲ್ಲ, ಆದರೆ ಅಂಥವರನ್ನು ಗೌರವ, ಕರುಣೆ ಮತ್ತು ಸೂಕ್ಷ್ಮತೆಯಿಂದ ಸ್ವೀಕರಿಸಬೇಕೆಂದು ಹೇಳುತ್ತದೆ; 2023ರ ಡಿಸೆಂಬರಿನಲ್ಲಿ ವ್ಯಾಟಿಕನ್ ಇಂಥ ಜೋಡಿಗಳಿಗೆ ಪೂಜಾವಿಧಿಯ ಹೊರಗೆ ಆಶೀರ್ವಾದ ನೀಡಬಹುದೆಂದಿತು. ಈ ಎರಡು ಮಾತುಗಳ ನಡುವಿನ ಇಕ್ಕಟ್ಟಿನಲ್ಲಿ ನಿಂತ ಪಾದ್ರಿಯನ್ನು ಬರೆಯಿರಿ, ಶಿಲುಬೆ ಹಿಡಿದು ಬೆದರಿಸುವವನನ್ನಲ್ಲ.

ಭಟ್ಕಳದ ನವಾಯತ ಮುಸ್ಲಿಂ ಮನೆಗಳ ಬಗ್ಗೆ ಬರೆಯುವವರು ಆ ಮನೆಗಳ ಒಳಗನ್ನು ಬಲ್ಲವರೇ ಆಗಿರಬೇಕು. ಹೊರಗಿನಿಂದ ನೋಡುವವರಿಗೆ ಗೊತ್ತಾಗುವ ಒಂದು ಸಂಗತಿಯೆಂದರೆ, ದುಡಿಮೆಗೆ ಕೊಲ್ಲಿ ದೇಶಗಳಿಗೆ ಹೋದ ಗಂಡಸಿಗೆ ಅಲ್ಲಿನ ಕಾನೂನು ಇಲ್ಲಿನದಕ್ಕಿಂತ ಬಹಳ ಕಠಿಣ. ಬೆಂಗಳೂರು ಶಿರಸಿಯ ಹುಡುಗನಿಗೆ ಕೊಡುವ ಅನಾಮಧೇಯತೆಯನ್ನು ದುಬೈ ಭಟ್ಕಳದ ಹುಡುಗನಿಗೆ ಅದೇ ರೀತಿ ಕೊಡುವುದಿಲ್ಲ.

ಗೋಕರ್ಣವಂತೂ ಈ ವಸ್ತುವಿಗಾಗಿಯೇ ಇರುವಂತಿದೆ. ಒಂದು ಕಡೆ ಕೋಟಿತೀರ್ಥದ ಮೆಟ್ಟಿಲಲ್ಲಿ ಪಿತೃಕಾರ್ಯ, ಇನ್ನೊಂದು ಕಡೆ ಓಂ ಬೀಚಿನ ಪ್ರವಾಸಿಗರು. ಮದುವೆಯಾಗದ ಗಂಡು ಹೆಣ್ಣು ಕೋಣೆ ಕೇಳಿದರೆ ಹುಬ್ಬೇರಿಸುವ ಲಾಡ್ಜಿನವನು ಇಬ್ಬರು ಗಂಡಸರಿಗೆ ಮರುಮಾತಿಲ್ಲದೆ ಬೀಗದ ಕೈ ಕೊಡುತ್ತಾನೆ. ಜಗಲಿಯ ಮೇಲೆ ಒಂದೇ ಚಾಪೆಯಲ್ಲಿ ಇಬ್ಬರು ಗೆಳೆಯರು ಮಲಗಿದರೂ ಯಾರೂ ಏನೂ ಎನ್ನುವುದಿಲ್ಲ. ಆದ್ದರಿಂದ ಸಿಕ್ಕಿಬೀಳುವ ಭಯದ ದೃಶ್ಯಗಳನ್ನು ಕಡಿಮೆ ಮಾಡಿ. ಕಣ್ಣೆದುರೇ ಇದ್ದರೂ ಯಾರಿಗೂ ಕಾಣಿಸದಿರುವ ಸಂಕಟವೇ ಇಲ್ಲಿ ಹೆಚ್ಚು.

ಮಾತು, ಮೌನ, ಸ್ತ್ರೀವೇಷ

ಸಂಭಾಷಣೆಯನ್ನು ಮನೆಮಾತಿನಲ್ಲಿ ಬರೆಯಿರಿ, ನಿರೂಪಣೆಯನ್ನು ಬರಹದ ಕನ್ನಡದಲ್ಲಿ ಇಡಿ. ಆದರೆ ಆಡುಮಾತನ್ನು ಉಪ್ಪಿನಂತೆ ಬಳಸಬೇಕು. ಒಪ್ಪಿಗೆಯ ದೃಶ್ಯಕ್ಕೆ ದೊಡ್ಡ ಮಾತು ಬೇಡ. ಬೆಂಗಳೂರಿನಿಂದ ಜೊತೆಗೆ ಬಂದ ಗೆಳೆಯನನ್ನು ಎರಡು ದಿನ ಅಂಗಳದಾಚೆಯ ನೆಂಟನಂತೆ ನೋಡಿದ ಆಯಿ ಮೂರನೆಯ ದಿನ ಒಳಗಿನಿಂದ ‘ಇಬ್ರಿಗೂ ಎಲೆ ಹಾಕಿದ್ದಿ, ಬನ್ರೋ’ ಎಂದು ಕೂಗಿದರೆ, ಆ ಬಹುವಚನದಲ್ಲಿ ಆಗಬೇಕಾದದ್ದು ಆಗಿರುತ್ತದೆ. ಅದರ ಮುಂದೆ ಒಂದು ವಾಕ್ಯವನ್ನೂ ಸೇರಿಸಬೇಡಿ. ಅಡಿಕೆ ಸುಲಿಯುವ ರಾತ್ರಿಗಳನ್ನೂ ಬಳಸಿಕೊಳ್ಳಿ. ನೆರೆಹೊರೆಯವರು ಸಾಲಾಗಿ ಮೆಟ್ಟುಗತ್ತಿಯ ಮುಂದೆ ಕುಳಿತು, ಕಣ್ಣು ಕೈಯ ಮೇಲಿಟ್ಟು ಮಾತಾಡುವ ಹೊತ್ತದು. ಮುಖ ನೋಡಿ ಕೇಳಲಾಗದ ಪ್ರಶ್ನೆಯನ್ನು ತಂದೆ ಅಲ್ಲಿ ಕೇಳಬಲ್ಲ, ಮಗನೂ ತಲೆ ಎತ್ತದೆ ಉತ್ತರಿಸಬಲ್ಲ, ಮತ್ತು ಅರ್ಧ ಊರು ಪಕ್ಕದಲ್ಲಿಯೇ ಕುಳಿತಿರುವುದರಿಂದ ಇಬ್ಬರೂ ದನಿ ಏರಿಸಲಾರರು.

ಯಕ್ಷಗಾನದ ಸ್ತ್ರೀವೇಷಧಾರಿಯನ್ನು ಸಲಿಂಗಿಯನ್ನಾಗಿ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ತಡೆದುಕೊಳ್ಳಿ. ಸಂಸಾರವಂದಿಗರಾದ ಎಷ್ಟೋ ಕಲಾವಿದರು ಬದುಕಿನುದ್ದಕ್ಕೂ ಆ ವೇಷ ಮಾಡಿದ್ದಾರೆ, ಅದು ಕಸುಬಿನ ಪ್ರಶ್ನೆ. ಬೇಕಿದ್ದರೆ ನಿಮ್ಮ ನಾಯಕ ರಾಕ್ಷಸನ ಬಣ್ಣದ ವೇಷ ಮಾಡಲಿ, ಅಥವಾ ಯಕ್ಷಗಾನವೆಂದರೆ ನಿದ್ದೆ ಬರುವವನಾಗಿರಲಿ.

ಮುಗಿಸುವ ಮತ್ತು ಹೊರಗೆ ಕೊಡುವ ಮೊದಲು

ಹೇಳಿಬಿಡುವ ದೃಶ್ಯದಲ್ಲಿ ಕಥೆಯನ್ನು ಮುಗಿಸಬೇಡಿ. ಹೇಳಿದ ಮಾರನೆಯ ಬೆಳಿಗ್ಗೆ ಕೊಟ್ಟಿಗೆಯ ಕೆಲಸ, ದೇವರ ಪೂಜೆಗೆ ಹೂ ಕೊಯ್ಯುವುದು, ಅಡಿಕೆ ಕೊನೆ ಕೊಯ್ಯುವ ಕೊನೆಗಾರನಿಗೆ ಕಾಫಿ ಕೊಡುವುದು ಎಲ್ಲವೂ ಇರುತ್ತದೆ. ಆ ಕೆಲಸಗಳನ್ನು ಯಾರು ಮಾಡಿದರು, ಯಾರು ಮಾಡಲಿಲ್ಲ, ಮುಂದಿನ ತಿಥಿಗೆ ಮಗನಿಗೆ ಫೋನು ಬಂತೋ ಇಲ್ಲವೋ ಎಂಬುದೇ ಕಥೆಯ ಉಳಿದ ಅರ್ಧ. ಮಗ ಹೇಳದೆಯೇ ಮುಗಿಯುವ ಕಥೆಯೂ ಪೂರ್ಣವಾಗಬಲ್ಲದು. ಅದನ್ನು ಹೇಡಿತನವೆಂದು ತೀರ್ಪು ಕೊಡುವ ಆತುರ ನಿಮಗೆ ಬೇಡ.

ಕರಡು ಸಿದ್ಧವಾದ ಮೇಲೆ ಕನಿಷ್ಠ ಇಬ್ಬರಿಗೆ ಓದಲು ಕೊಡಿ. ಒಬ್ಬರು ಆ ಸಮುದಾಯದ ಆಚಾರಗಳನ್ನು ಬಲ್ಲವರಾಗಿರಲಿ, ಏಕೆಂದರೆ ಪವಿತ್ರವನ್ನು ತಪ್ಪು ಬೆರಳಿಗೆ ಹಾಕಿದ ಒಂದು ವಾಕ್ಯ ಸಾಕು, ಊರಿನ ಓದುಗರು ಉಳಿದದ್ದನ್ನೂ ನಂಬುವುದಿಲ್ಲ. ಇನ್ನೊಬ್ಬರು ಸ್ವತಃ ಸಲಿಂಗಿಯಾಗಿರಲಿ, ಸಾಧ್ಯವಾದರೆ ಸಣ್ಣ ಊರಿನಿಂದ ಬಂದವರಾಗಿರಲಿ. ನಗರದ ಅನುಭವವೊಂದನ್ನೇ ಬಲ್ಲವರಿಗೆ ಈ ಮನೆಗಳ ಮೌನ ಪೂರ್ತಿ ದಬ್ಬಾಳಿಕೆಯಾಗಿಯೇ ಕಾಣುವ ಸಾಧ್ಯತೆಯಿದೆ.

ಕೊನೆಯದಾಗಿ ಗುರುತಿನ ವಿಷಯ. ನೀವು ಕೇಳಿದ, ನೋಡಿದ ಯಾರದೋ ಬದುಕಿನಿಂದ ಕಥೆ ಹುಟ್ಟಿದ್ದರೆ ಹೆಸರನ್ನು ಬದಲಿಸಿದರೆ ಸಾಲದು. ಈ ಸೀಮೆಯಲ್ಲಿ ಮನೆ ಇರುವ ಕೇರಿ, ತೋಟದ ಪಕ್ಕದ ಹಳ್ಳ, ಅಣ್ಣತಮ್ಮಂದಿರ ಸಂಖ್ಯೆ, ತಂದೆ ಯಾವ ಮೇಳದ ಅಭಿಮಾನಿ ಎಂಬಷ್ಟರಿಂದಲೇ ಜನ ಮನೆಯನ್ನು ಕಂಡುಹಿಡಿಯುತ್ತಾರೆ. ಸಿದ್ದಾಪುರದ ಮನೆಯನ್ನು ಯಲ್ಲಾಪುರಕ್ಕೆ ಒಯ್ಯಿರಿ, ಇಬ್ಬರು ತಂಗಿಯರನ್ನು ಒಬ್ಬ ಅಕ್ಕನನ್ನಾಗಿ ಮಾಡಿ, ಕಸುಬನ್ನು ಬದಲಿಸಿ. ಕಥೆಗೆ ಅತ್ಯಂತ ಪ್ರಿಯವಾದ ವಿವರವೇ ಆ ಮನುಷ್ಯನನ್ನು ತೋರಿಸಿಕೊಡುವಂತಿದ್ದರೆ, ಅವನ ಒಪ್ಪಿಗೆ ಕೇಳಿ. ಕೇಳಲು ಆಗದಿದ್ದರೆ ಆ ವಿವರವನ್ನು ತೆಗೆದುಹಾಕಿ.